ಹವಳ ಉಳಿಯಬೇಕೆಂದರೆ ಹಂಚಿ ಇಡು

ತಮ್ಮ, ಡಲ್ಲಾಸಿನ ನಿನ್ನ ಮನೆಯ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ತೊಟ್ಟಿ, ಈಗ ತುಂಬಿಕೊಂಡಿದೆ. ಕವಲೊಡೆದ ಅಕ್ರೊಪೋರಾ, ಅಗಲವಾಗಿ ಹರಡಿದ ಮಾಂಟಿಪೋರಾ, ಬಣ್ಣಬಣ್ಣದ ಜೊವಾಂಥಿಡ್, ಎಲ್ಲವೂ ಕಷ್ಟಪಟ್ಟು ಕೂಡಿಸಿದ ಹವಳಗಳು. ಈ ಹವ್ಯಾಸಕ್ಕೆ ನಿನಗಿಂತ ಮೊದಲು ಇಳಿದವನಾಗಿ ಒಂದು ಮಾತು ಹೇಳುತ್ತೇನೆ. ಒಂದೇ ಟ್ಯಾಂಕಿನಲ್ಲಿರುವ ಹವಳ ಎಷ್ಟು ಚೆನ್ನಾಗಿ ಬೆಳೆದಿದ್ದರೂ ಭದ್ರವಲ್ಲ. ಅದರ ತುಂಡು ಇನ್ನಿಬ್ಬರ ಮನೆಯಲ್ಲಿ ಬೇರೂರಿದ ಮೇಲೆಯೇ ನೀನು ನಿಶ್ಚಿಂತೆಯಿಂದ ಇರಬಹುದು.

ಹವಳ ಪ್ರಾಣಿಯೇ ಆದರೂ ಈ ವಿಷಯದಲ್ಲಿ ದಾಸವಾಳದ ಹಾಗೆ. ಮುರಿದ ಕೊಂಬೆ ಬದುಕುತ್ತದೆ, ಬೆಳೆದದ್ದು ತಾಯಿಯ ತದ್ರೂಪವೇ ಆಗಿರುತ್ತದೆ. ನಮ್ಮೂರ ಹೆಂಗಸರು ದಾಸವಾಳದ ಕಡ್ಡಿಯನ್ನು ಅಕ್ಕಪಕ್ಕದವರಿಗೆ ಕೊಟ್ಟಿರುತ್ತಾರೆ. ತಮ್ಮ ಗಿಡ ಒಣಗಿದ ವರ್ಷ ಅವರ ಹಿತ್ತಲಿಂದಲೇ ಕೇಳಿ ತಂದು ಮತ್ತೆ ನೆಡುತ್ತಾರೆ. ನೀನೂ ಅದನ್ನೇ ಮಾಡು.

ಸರ್ಕಾರದ ವಿಜ್ಞಾನಿಗಳೂ ಇದೇ ದಾರಿ ಹಿಡಿದಿದ್ದಾರೆ. 2014ರಲ್ಲಿ ಮಯಾಮಿಯ ಬಳಿ ಹವಳದ ಮಾಂಸವೇ ಕರಗಿಹೋಗುವ ರೋಗವೊಂದು ಕಾಣಿಸಿಕೊಂಡು ಫ್ಲಾರಿಡಾದ ಹವಳದ ದಂಡೆಗಳುದ್ದಕ್ಕೂ ಹಬ್ಬಿತು. ರೋಗ ಮುಟ್ಟುವ ಮೊದಲೇ ಆರೋಗ್ಯವಂತ ಹವಳಗಳನ್ನು ಸಮುದ್ರದಿಂದ ಎತ್ತಿ, ಬೇರೆ ಬೇರೆ ರಾಜ್ಯಗಳ ಅಕ್ವೇರಿಯಂ ಮತ್ತು ಮೃಗಾಲಯಗಳಿಗೆ ಹಂಚಿದರು. ಪಿಲ್ಲರ್ ಕೋರಲ್ ಎಂಬ ಜಾತಿ ಇಂದು ಫ್ಲಾರಿಡಾದ ಸಮುದ್ರದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಅದರ ತಳಿಗಳು ನೆಲದ ಮೇಲಿನ ತೊಟ್ಟಿಗಳಲ್ಲಿ ಉಳಿದಿವೆ. 2019ರಲ್ಲಿ ಟ್ಯಾಂಪಾದ ಫ್ಲಾರಿಡಾ ಅಕ್ವೇರಿಯಂನ ಪಾಲನೆಯಲ್ಲಿ ಮೊಟ್ಟೆಯನ್ನೂ ಇಟ್ಟವು. ಒಂದೇ ಕಡೆ ಇದ್ದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ.

ನಿನ್ನ ಟೆಕ್ಸಸ್ಸಿನಲ್ಲೇ 2021ರ ಫೆಬ್ರವರಿಯಲ್ಲಿ ಹಿಮಗಾಳಿ ಬೀಸಿ 40 ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟ್ ಹೋಯಿತು, ಎಷ್ಟೋ ಕಡೆ ದಿನಗಟ್ಟಲೆ ಬರಲಿಲ್ಲ. ಆಗ ಮೊದಲು ಕಾಡುವುದು ಕತ್ತಲೆಯೂ ಅಲ್ಲ, ಚಳಿಯೂ ಅಲ್ಲ. ಬೆಳಕಿಲ್ಲದೆ ಹವಳ ಒಂದೆರಡು ದಿನ ತಡೆದುಕೊಳ್ಳುತ್ತದೆ. ಆದರೆ ಪಂಪ್ ನಿಂತರೆ ನೀರಿನಲ್ಲಿರುವ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ತೀರುತ್ತದೆ. ಆದ್ದರಿಂದ ಬೇರೇನನ್ನೂ ಕೊಳ್ಳುವ ಮೊದಲು, ಕರೆಂಟ್ ಹೋದ ಕೂಡಲೇ ತಾನಾಗಿ ಶುರುವಾಗುವ ಬ್ಯಾಟರಿ ಪಂಪ್ ಒಂದನ್ನು ಕೊಂಡುಕೋ. ಆಮೇಲೆ ಟ್ಯಾಂಕಿಗೆ ಕಂಬಳಿ ಸುತ್ತು. ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ ತೇಲಿಬಿಡು. ಜನರೇಟರ್ ಇದ್ದರೆ ಅದನ್ನು ಬಾಗಿಲು ಕಿಟಕಿಗಳಿಂದ ದೂರ, ಬಯಲಿನಲ್ಲೇ ಇಡಬೇಕು. ಆ ಚಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮನುಷ್ಯರನ್ನೇ ಬಲಿ ತೆಗೆದುಕೊಂಡಿತು. ಯಾವ ಹವಳವೂ ನಿನ್ನ ಮನೆಯವರ ಉಸಿರಿಗಿಂತ ದೊಡ್ಡದಲ್ಲ.

ಕರೆಂಟ್ ಇದ್ದಾಗಲೂ ಅಪಾಯ ತಪ್ಪಿದ್ದಲ್ಲ. ಹೀಟರಿನ ಸ್ವಿಚ್ ಅಂಟಿಕೊಂಡು ಆರದೆ ಉಳಿದರೆ ರಾತ್ರಿ ಬೆಳಗಾಗುವುದರೊಳಗೆ ಟ್ಯಾಂಕ್ ಬೆಂದುಹೋಗುತ್ತದೆ. ದೊಡ್ಡ ಹೀಟರ್ ಒಂದರ ಬದಲು ಸಣ್ಣವು ಎರಡಿಡು, ಎರಡನ್ನೂ ಹೊರಗಿನ ಕಂಟ್ರೋಲರಿಗೆ ಕೊಟ್ಟು ನೀರನ್ನು 25-26 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸು. ಆವಿಯಾದ ನೀರನ್ನು ತಾನೇ ತುಂಬುವ ಸಾಧನ ಕೆಟ್ಟು ಸಿಹಿನೀರು ಸುರಿಯುತ್ತಲೇ ಇದ್ದರೆ ಉಪ್ಪಿನಂಶ ಕುಸಿಯುತ್ತದೆ. ಅದರ ತೊಟ್ಟಿ ಸಣ್ಣದಾಗಿದ್ದರೆ ಹಾನಿಯೂ ಸಣ್ಣದು. ಇಂಥ ಎಚ್ಚರಿಕೆಗಳು ನಷ್ಟವನ್ನು ಮುಂದೂಡುತ್ತವೆ, ಕಡಿಮೆ ಮಾಡುತ್ತವೆ. ಪೂರ್ತಿ ತಡೆಯಲಾರವು. ಅದಕ್ಕೇ ಹಂಚು ಎನ್ನುತ್ತಿರುವುದು.

ಹಂಚುವುದಕ್ಕೂ ಕ್ರಮವಿದೆ. ತಾಯಿ ಹವಳ ಗಟ್ಟಿಯಾಗಿ ನಿಂತು, ತುದಿಗಳು ಬೆಳೆಯುತ್ತಿರುವಾಗ ಕತ್ತರಿಸು. ಬೋನ್ ಕಟರಿನಿಂದ ಎರಡು-ಮೂರು ಸೆಂಟಿಮೀಟರ್ ಉದ್ದದ ತುಂಡು ತೆಗೆದು, ಬುಡವನ್ನು ಬಟ್ಟೆಯಲ್ಲಿ ಒತ್ತಿ ಒರೆಸು. ಜೆಲ್ ಸೂಪರ್ ಗ್ಲೂ ಹಾಕಿ ಸೆರಾಮಿಕ್ ಪ್ಲಗ್ಗಿಗೆ ಕೂರಿಸು. ಒಂದೆರಡು ವಾರದಲ್ಲಿ ಹವಳದ ಚರ್ಮ ಅಂಟಿನ ಮೇಲೆ ತೆಳ್ಳಗೆ ಹರಿದು ಪ್ಲಗ್ಗನ್ನು ಹಿಡಿಯುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲಷ್ಟೇ ಕೊಡು. ಜೊವಾಂಥಿಡ್ ಕತ್ತರಿಸುವಾಗ ಕೈಗವಸು, ಕನ್ನಡಕ ತಪ್ಪಿಸಬೇಡ. ಅದು ಕೂತ ಕಲ್ಲನ್ನು ಎಂದೂ ಕುದಿಸಬೇಡ. ಕೆಲವು ಜಾತಿಗಳಲ್ಲಿರುವ ಪ್ಯಾಲಿಟಾಕ್ಸಿನ್ ಕಡುವಿಷ.

ಕೊಡುವುದು ಯಾರಿಗೆ? ಟ್ಯಾಂಕ್ ಹಳೆಯದಾಗಿ ನೆಲೆನಿಂತವರಿಗೆ, ನೀರನ್ನು ತಪ್ಪದೆ ಅಳೆಯುವವರಿಗೆ. ಒಂದು ತುಂಡು ಪಕ್ಕದ ಬೀದಿಗೆ ಹೋದರೆ ಇನ್ನೊಂದು ಬೇರೆ ಊರಿಗೇ ಹೋಗಲಿ, ಒಂದೇ ಗಾಳಿಮಳೆಗೆ ಎರಡೂ ಮನೆಯ ಕರೆಂಟ್ ಹೋಗಬಾರದು. ದುಡ್ಡು ಕೇಳಬೇಡ, ನನ್ನದು ಸತ್ತರೆ ಒಂದು ತುಂಡು ವಾಪಸ್ ಕೊಡು ಎಂಬ ಮಾತೊಂದು ಸಾಕು. ಯಾವ ಹವಳ, ಯಾರಿಂದ ಬಂತು, ಯಾರಿಗೆ, ಎಂದು ಕೊಟ್ಟೆ ಎಂಬುದನ್ನು ಫೋಟೊ ಸಮೇತ ಬರೆದಿಡು.

ವಾಪಸ್ ಬಂದ ತುಂಡನ್ನೂ ನೇರವಾಗಿ ಟ್ಯಾಂಕಿಗೆ ಇಳಿಸಬೇಡ. ಅಕ್ರೊಪೋರಾ ತಿನ್ನುವ ಚಪ್ಪಟೆಹುಳು ಹವಳದ ಬಣ್ಣದಲ್ಲೇ ಬೆರೆತುಹೋಗಿರುತ್ತದೆ. ಔಷಧಿಯ ನೀರಿನಲ್ಲಿ ಅದ್ದಿದರೆ ಹುಳು ಉದುರುತ್ತದೆ, ಬುಡದ ಸತ್ತ ಭಾಗಕ್ಕೆ ಅಂಟಿರುವ ಕಂದು ಮೊಟ್ಟೆಗಳು ಉಳಿಯುತ್ತವೆ. ಹಳೆಯ ಪ್ಲಗ್ಗನ್ನು ಕತ್ತರಿಸಿ ಎಸೆದು, ಹೊಸದಕ್ಕೆ ಕೂರಿಸಿ, ಬೇರೆ ತೊಟ್ಟಿಯಲ್ಲಿ ಆರು ವಾರವಾದರೂ ಇಡು. ವಾರಕ್ಕೊಮ್ಮೆ ಅದ್ದಿ ನೋಡು. ಇನ್ನು ಅಕ್ರೊಪೋರಾ ಬುಡದಿಂದ ಚರ್ಮ ಕಳಚಿ ಬೆಳ್ಳಗಾಗುತ್ತಾ ಬಂದರೆ ನಾಳೆ ನೋಡೋಣ ಎನ್ನಬೇಡ. ಬಿಳಿಯ ಗೆರೆಗಿಂತ ಸಾಕಷ್ಟು ಮೇಲೆ, ಬಣ್ಣ ಉಳಿದಿರುವ ಕಡೆ ಆ ಕ್ಷಣವೇ ಕತ್ತರಿಸು. ತುದಿಯಾದರೂ ಬದುಕೀತು.

ಮುಂದೊಂದು ದಿನ ನೀನು ಊರಿಗೇ ಮರಳಬಹುದು. ಆಗ ಹವಳವನ್ನು ಪೆಟ್ಟಿಗೆಯಲ್ಲಿಟ್ಟು ತರುವ ಯೋಚನೆ ಬೇಡ. ಕಲ್ಲುಹವಳಗಳೆಲ್ಲ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಭಾರತದಲ್ಲಿ ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿವೆ, ಹುಲಿ ಇರುವ ಅನುಸೂಚಿಯೇ ಅದು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿದಾಗ ಹವಳ ನೋಡಿ ಸಂತೋಷಪಡು, ಚೂರನ್ನೂ ಮುರಿಯಬೇಡ. ಡಲ್ಲಾಸಿನಲ್ಲಿ ಸಾಕಿದ್ದನ್ನು ಅಲ್ಲಿಯ ಗೆಳೆಯರ ಮನೆಗಳಲ್ಲೇ ಬಿಟ್ಟು ಬಾ.

ಕೊನೆಗೊಂದು ಮಾತು, ತಮ್ಮ. ನಿನ್ನ ಬಳಿ ಮಾತ್ರ ಇರುವ, ಬೇರೆ ಯಾರ ಹತ್ತಿರವೂ ಇಲ್ಲದ ಹವಳವೇ ಹೆಚ್ಚು ಹೆಮ್ಮೆಯದು ಎಂದು ಅನಿಸಬಹುದು. ಎಲ್ಲಕ್ಕಿಂತ ಮೊದಲು ಕತ್ತರಿಸಿ ಕೊಡಬೇಕಾದದ್ದು ಅದನ್ನೇ. ಈ ಭಾನುವಾರವೇ ಶುರುಮಾಡು.