ಹಳೆಯ ಮನೆಗೆ ಹೊಸ ಬಾಳು

ಅನ್ನ, ಬಟ್ಟೆ, ಮನೆ ಇವು ಮೂರೂ ಮನುಷ್ಯನ ಮೂಲಭೂತ ಅಗತ್ಯಗಳು. ಅನ್ನವನ್ನು ದಿನದಿನವೂ ಗಳಿಸಬೇಕು. ಬಟ್ಟೆಯನ್ನು ಆಗಾಗ್ಗೆ ಕೊಳ್ಳಬೇಕು. ಮನೆಯಾದರೋ ಒಮ್ಮೆ ಕಟ್ಟಿದರೆ ಮೂರು ನಾಲ್ಕು ತಲೆಮಾರುಗಳಿಗೆ ನೆರಳಾಗಬಲ್ಲದು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹೊಸ ಮನೆ ಕಟ್ಟುವವರ ಕಷ್ಟವನ್ನು ಸೂಚಿಸುತ್ತದೆ. ಆದರೆ ಹಿರಿಯರು ಕಟ್ಟಿದ ಮನೆಯನ್ನು ಸ್ವಲ್ಪ ಹಣದಿಂದ, ಸ್ವಂತ ದುಡಿಮೆಯಿಂದ ದುರಸ್ತಿ ಮಾಡಿ ಬಾಳಿಗೆ ಅನುಕೂಲವಾಗುವಂತೆ ಮಾಡಿಕೊಳ್ಳುವುದು ಅದಕ್ಕಿಂತ ಕಡಿಮೆ ಸಾಹಸವೇನಲ್ಲ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ವಿವೇಚನೆ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಂಡೆಗಳ ನಾಡು. ಮಳೆ ಕಡಿಮೆ, ಬಿಸಿಲು ಹೆಚ್ಚು. ಇಲ್ಲಿಯ ಹಳೆಯ ಮನೆಗಳು ಈ ನೆಲದ ಗುಣಕ್ಕೆ ತಕ್ಕಂತೆ ರೂಪುಗೊಂಡವು. ಕಲ್ಲು ಸುಲಭವಾಗಿ ಸಿಗುವ ಕಡೆ ಗೋಡೆಗೂ ಸೂರಿಗೂ ಕಲ್ಲುಚಪ್ಪಡಿಯನ್ನೇ ಬಳಸಿದರು. ಕೆಲವೆಡೆ ಹೆಂಚು ಹೊದಿಸಿದರು. ಇನ್ನು ಅನೇಕ ಊರುಗಳಲ್ಲಿ ದಪ್ಪನೆಯ ಮಣ್ಣಿನ ಗೋಡೆಗಳ ಮೇಲೆ ಮರದ ತೊಲೆಗಳನ್ನು ಇಟ್ಟು, ಅವುಗಳ ಮೇಲೆ ಜಂತೆಗಳನ್ನು ಜೋಡಿಸಿ, ಸೊಪ್ಪುಸದೆಯನ್ನು ಹರಡಿ, ಅದರ ಮೇಲೆ ಮಣ್ಣು ಹಾಕಿ ಮಾಳಿಗೆ ಮಾಡಿದರು.

ಮಣ್ಣಿನ ಮಾಳಿಗೆ ಮಳೆಗೆ ಕರಗಿಹೋಗುವುದಿಲ್ಲವೇ ಎಂಬ ಸಂದೇಹ ಸಹಜ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಚೌಳು ಮಣ್ಣು. ಬೆಳೆಗೆ ಬಾರದ ಈ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಾಗಿದೊಡನೆ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಒಳಕ್ಕೆ ಇಳಿಯದೆ ಮೇಲೆಯೇ ಹರಿದುಹೋಗುತ್ತದೆ. ಹೊಲಕ್ಕೆ ಶಾಪವಾದ ಮಣ್ಣು ಮನೆಗೆ ವರವಾಯಿತು. ದಪ್ಪ ಗೋಡೆ, ದಪ್ಪ ಮಾಳಿಗೆಗಳು ಹಗಲಿನ ಬಿಸಿಲು ಬೇಗ ಒಳಕ್ಕೆ ಬಾರದಂತೆ ತಡೆಯುವುದರಿಂದ ಬೇಸಿಗೆಯ ನಡುಹಗಲಿನಲ್ಲಿಯೂ ನಡುಮನೆ ತಂಪಾಗಿರುತ್ತದೆ.

ಹೀಗಿದ್ದರೂ ಹಳೆಯದೆಲ್ಲವೂ ಒಳ್ಳೆಯದೆಂದು ಭಾವಿಸಬೇಕಾಗಿಲ್ಲ. ಈ ಮನೆಗಳಲ್ಲಿ ಬೆಳಕು ಕಡಿಮೆ, ಗಾಳಿಯ ಸಂಚಾರ ಕಡಿಮೆ. ಅಡಿಗೆಮನೆಯಲ್ಲಿ ಹೊಗೆ ತುಂಬುತ್ತದೆ. ತೊಲೆಗಳಿಗೆ ಗೆದ್ದಲು ಹತ್ತುತ್ತದೆ. ಮಾಳಿಗೆ ಅಲ್ಲಲ್ಲಿ ಸೋರುತ್ತದೆ. ಇವುಗಳಿಂದ ಬೇಸತ್ತವರು ಮನೆಯನ್ನು ಪೂರ್ತಿಯಾಗಿ ಕೆಡವಿ, ಸಾಲ ತಂದು, ಕಾಂಕ್ರೀಟಿನ ಮನೆಗೆ ಕೈಹಾಕುವುದುಂಟು. ಹಣವುಳ್ಳವರಿಗೆ ಅದು ಸಾಧ್ಯ. ಹಣ ಸಾಲದವರ ಮನೆ ಗೋಡೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಳೆಯ ಸೂರೂ ಇಲ್ಲ, ಹೊಸ ಸೂರೂ ಇಲ್ಲ. ಸಾಲದ ಬಡ್ಡಿ ಮಾತ್ರ ನಿಲ್ಲದೆ ಬೆಳೆಯುತ್ತದೆ. ಆದುದರಿಂದ ಹಾರೆಯನ್ನು ಕೈಗೆತ್ತಿಕೊಳ್ಳುವ ಮೊದಲು ಕಾಗದ, ಪೆನ್ಸಿಲುಗಳನ್ನು ಕೈಗೆತ್ತಿಕೊಳ್ಳುವುದು ಲೇಸು.

ಉದಾಹರಣೆಗೆ, ಒಂದು ಸಾಧಾರಣ ಕುಟುಂಬವನ್ನು ಊಹಿಸಿಕೊಳ್ಳಬಹುದು. ತಂದೆ, ತಾಯಿ, ಅಜ್ಜಿ, ಇಬ್ಬರು ಮಕ್ಕಳು. ನಡುಮನೆಗೆ ಮಣ್ಣಿನ ಮಾಳಿಗೆ. ಪಡಸಾಲೆಗೆ ಮತ್ತು ಅಡಿಗೆಮನೆಗೆ ಹೆಂಚು. ಕೂಡಿಟ್ಟ ಹಣ ಒಂದು ಲಕ್ಷ ರೂಪಾಯಿ. ಸಾಲ ಮಾಡಬಾರದೆಂಬುದು ಮನೆಯವರೆಲ್ಲರ ನಿಶ್ಚಯ. ಈ ಹಣದಲ್ಲಿ ಇಡೀ ಮನೆ ಸುಧಾರಿಸಬೇಕು. ಇದು ಹೇಗೆ ಸಾಧ್ಯ?

ಮೊದಲನೆಯ ಕೆಲಸ ನೋಡುವುದು. ಮಳೆ ಬಂದಾಗ ಎಲ್ಲೆಲ್ಲಿ ಸೋರುತ್ತದೆ, ಬಿದ್ದ ನೀರು ಯಾವ ಕಡೆಗೆ ಹರಿಯುತ್ತದೆ, ಗೋಡೆಯ ಬುಡದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗುರುತಿಸಬೇಕು. ತೊಲೆಗಳನ್ನು ಬಡಿದು ನೋಡಬೇಕು. ಗಟ್ಟಿಮರ ಕಣಕಣನೆ ದನಿಗೊಡುತ್ತದೆ, ಟೊಳ್ಳುಮರ ಮಂಕಾಗಿ ಸದ್ದು ಮಾಡುತ್ತದೆ. ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯನ್ನು ವಿಶೇಷವಾಗಿ ಪರೀಕ್ಷಿಸಬೇಕು. ಮರ ಹಾಳಾಗಲು ತೊಡಗುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಎರಡನೆಯದು ಅಳೆಯುವುದು. ಚೌಕುಳಿ ಕಾಗದದ ಮೇಲೆ ಒಂದು ಚೌಕಕ್ಕೆ ಒಂದು ಅಡಿಯಂತೆ ಮನೆಯ ನಕ್ಷೆಯನ್ನು ಬರೆಯಬೇಕು. ಇದು ಶಾಲೆಗೆ ಹೋಗುವ ಮಕ್ಕಳು ಮಾಡಬಹುದಾದ ಕೆಲಸ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯೊಂದರ ನಾಲ್ಕು ಗೋಡೆಗಳ ವಿಸ್ತೀರ್ಣ 440 ಚದರ ಅಡಿ. ಬಾಗಿಲಿಗೆ 21, ಕಿಟಕಿಗೆ 16 ಚದರ ಅಡಿ ಕಳೆದರೆ ಉಳಿಯುವುದು 403. ಇಷ್ಟನ್ನು ತಿಳಿದು ಅಂಗಡಿಗೆ ಹೋದವನು ಬೇಕಾದಷ್ಟೇ ಸಾಮಾನು ತರುತ್ತಾನೆ. ತಿಳಿಯದೆ ಹೋದವನು ಒಂದೋ ಹೆಚ್ಚು ತಂದು ಕೆಡಿಸುತ್ತಾನೆ, ಇಲ್ಲವೇ ಕಡಿಮೆ ತಂದು ಮತ್ತೆ ಮತ್ತೆ ಅಲೆಯುತ್ತಾನೆ.

ಲೆಕ್ಕ ಕೆಲವೊಮ್ಮೆ ಪ್ರಾಣವನ್ನೂ ಉಳಿಸುತ್ತದೆ. ಮಾಳಿಗೆ ಸೋರಿದಾಗಲೆಲ್ಲ ಹಳೆಯ ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಹರಡುವ ರೂಢಿ ಹಲವೆಡೆ ಇದೆ. ಹತ್ತು ಅಡಿ ಉದ್ದಗಲದ ಮಾಳಿಗೆಯ ಮೇಲೆ ಒಂದೇ ಒಂದು ಅಂಗುಲ ಮಣ್ಣು ಹಾಕಿದರೂ ಅದರ ತೂಕ 350ರಿಂದ 400 ಕಿಲೋಗ್ರಾಂ ಆಗುತ್ತದೆ. ನೆನೆದಾಗ ಇನ್ನೂ ಹೆಚ್ಚು. ಇಪ್ಪತ್ತು ವರ್ಷಗಳಲ್ಲಿ ಆರು ಅಂಗುಲ ಸೇರಿದರೆ ತೊಲೆಗಳ ಮೇಲೆ ಎರಡು ಟನ್ನಿಗೂ ಮೀರಿದ ಭಾರ ಹೆಚ್ಚಿದಂತಾಯಿತು. ಆದುದರಿಂದ ಮೊದಲು ಮಾಳಿಗೆಯ ದಪ್ಪವನ್ನು ಅಳೆದು, ಹೆಚ್ಚಾದ ಹಳೆಯ ಮಣ್ಣನ್ನು ಕೆರೆದು ತೆಗೆದು, ನೀರು ಹರಿಯುವ ಓಟವನ್ನು ಸರಿಪಡಿಸಿ, ಆಮೇಲೆ ತೆಳುವಾಗಿ ಚೌಳು ಮಣ್ಣು ಹರಡಬೇಕು.

ಮೂರನೆಯದು ವಿಂಗಡಿಸುವುದು. ಆಗಬೇಕಾದ ಕೆಲಸಗಳನ್ನೆಲ್ಲ ಬರೆದು, ‘ಮುಂದೂಡಲಾಗದವು’, ‘ಆಗಬೇಕಾದವು’, ‘ಆದರೆ ಚೆನ್ನ’ ಎಂದು ಮೂರು ಗುಂಪು ಮಾಡಬೇಕು. ಅನೇಕರು ಎಡವುವುದು ಇಲ್ಲಿಯೇ. ನಾಲ್ಕು ಜನ ನೋಡುವ ಮುಂಗೋಡೆಗೆ ಬಣ್ಣ ಬಳಿಸುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ಆದರೆ ತಾಯಿ ದಿನವೂ ಮೂರು ನಾಲ್ಕು ಗಂಟೆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿರುವಾಗ, ಅಜ್ಜಿ ಕತ್ತಲೆಯ ಬಚ್ಚಲುಮನೆಯಲ್ಲಿ ಗೋಡೆ ತಡವುತ್ತ ಹೆಜ್ಜೆ ಇಡುತ್ತಿರುವಾಗ, ಮುಂಗೋಡೆಯ ಬಣ್ಣ ಯಾರ ಸುಖಕ್ಕೆ? ಮನೆಯ ಯೋಜನೆಯೆಂದರೆ ಕೇವಲ ಕಲ್ಲುಮಣ್ಣುಗಳ ಲೆಕ್ಕವಲ್ಲ. ಯಾರ ಕಷ್ಟ ಮೊದಲು ನೀಗಬೇಕು ಎಂಬ ತೀರ್ಮಾನ. ಪಟ್ಟಿ ಮಾಡುವಾಗ ತಾಯಿಯನ್ನೂ ಅಜ್ಜಿಯನ್ನೂ ಕೇಳದಿದ್ದರೆ ಆ ಪಟ್ಟಿ ಪೂರ್ಣವಾಗುವುದಿಲ್ಲ.

ಈ ವಿಚಾರವನ್ನು ಮುಂದಿಟ್ಟುಕೊಂಡು ಆ ಕುಟುಂಬ ತನ್ನ ಹಣವನ್ನು ಹೀಗೆ ಹಂಚಬಹುದು: ಸೂರಿಗೆ 40,000 ರೂಪಾಯಿ, ಅಡಿಗೆಮನೆಯ ಒಲೆ, ಹೊಗೆಗೂಡು ಮತ್ತು ಕಿಟಕಿಗೆ 15,000, ಬಚ್ಚಲುಮನೆ ಮತ್ತು ಚರಂಡಿಗೆ 15,000, ವಿದ್ಯುತ್ ತಂತಿಗಳಿಗೆ 15,000. ಉಳಿದ 15,000 ರೂಪಾಯಿ ಆಪದ್ಧನ. ಹಳೆಯ ಗೋಡೆಯನ್ನು ಕೆದಕಿದಾಗ ಒಳಗೆ ಏನಿದೆಯೆಂದು ಯಾರೂ ಮೊದಲೇ ಹೇಳಲಾರರು. ಕೊನೆಯವರೆಗೂ ಆ ಹಣ ಉಳಿದರೆ ಮಾತ್ರ ಅದು ಬಣ್ಣಕ್ಕೆ. ಸಾಮಾನಿನ ಬೆಲೆ, ಕೂಲಿಯ ದರಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಂಚಿಕೆಯ ಕ್ರಮ ಮಾತ್ರ ಬದಲಾಗಬೇಕಾಗಿಲ್ಲ.

ಕೆಲಸದ ಅನುಕ್ರಮವೂ ಮುಖ್ಯವಾದುದು. ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಎಂಬುದು ಸೂತ್ರ. ಸೂರು ಭದ್ರವಾಗದೆ ಗೋಡೆಯ ಗಿಲಾವು ನಿಲ್ಲದು. ಚರಂಡಿ ಆಗದೆ ನೆಲ ಒಣಗದು. ತಂತಿ ಎಳೆಯದೆ ಗಿಲಾವು ಮಾಡಿದರೆ ಅದನ್ನು ಮತ್ತೆ ಅಗೆಯಬೇಕಾಗುತ್ತದೆ. ಸುಗ್ಗಿ ಮುಗಿದ ಮೇಲೆ ಆರಂಭಿಸಿ ಮುಂಗಾರಿಗೆ ಮೊದಲು ಸೂರಿನ ಕೆಲಸವನ್ನು ಮುಗಿಸಬೇಕು. ಮನೆಯವರು ಅದೇ ಮನೆಯಲ್ಲಿ ವಾಸಿಸುತ್ತಿರುವುದರಿಂದ ಒಂದು ಕೋಣೆ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು.

ಸಾಮಗ್ರಿಯ ವಿಷಯದಲ್ಲಿ ಲಾರಿ ಬೇಕರ್ ಅವರನ್ನು ನೆನೆಯಬೇಕು. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ವಾಸ್ತುಶಿಲ್ಪಿ ಭಾರತವನ್ನೇ ತನ್ನ ನಾಡಾಗಿ ಮಾಡಿಕೊಂಡು, ಕೇರಳದಲ್ಲಿ ಕಡಿಮೆ ಖರ್ಚಿನ ಅಸಂಖ್ಯಾತ ಮನೆಗಳನ್ನು ಕಟ್ಟಿ, 2007ರಲ್ಲಿ ನಿಧನರಾದರು. ಮನೆಗೆ ಬೇಕಾದ ಸಾಮಗ್ರಿಗಳು ಐದು ಮೈಲಿಗಳ ದೂರದೊಳಗೆ ದೊರೆಯುವಂತಿರಬೇಕು ಎಂಬ ಗಾಂಧೀಜಿಯವರ ವಿಚಾರ ಅವರಿಗೆ ದಾರಿದೀಪವಾಗಿತ್ತು. ಹಳೆಯ ಬಾಗಿಲು, ಕಿಟಕಿ, ಹೆಂಚುಗಳನ್ನು ಅವರು ಕಸವೆಂದು ಎಸೆಯದೆ ಮತ್ತೆ ಬಳಸುತ್ತಿದ್ದರು. ಕಲ್ಲುಚಪ್ಪಡಿ ಹೇರಳವಾಗಿರುವ ಮಧುಗಿರಿ, ಕೊರಟಗೆರೆಗಳ ಸೀಮೆಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಇನ್ನೂ ಹತ್ತಿರದ ಉದಾಹರಣೆ ತುಮಕೂರು ಜಿಲ್ಲೆಯಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಬಾಗಿಲಿಗೆ ಒಯ್ಯುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣ ಕೇಂದ್ರವಿತ್ತು. ಕೆ. ಎಸ್. ಜಗದೀಶ್ ಮೊದಲಾದ ವಿಜ್ಞಾನಿಗಳು ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಅದುಮಿ ತಯಾರಿಸುವ ಇಟ್ಟಿಗೆಯನ್ನು ಬಳಕೆಗೆ ತಂದರು. ಇದನ್ನು ಸುಡಬೇಕಾಗಿಲ್ಲ, ನೀರೂಡಿ ಗಟ್ಟಿ ಮಾಡಿದರೆ ಸಾಕು. ಆದುದರಿಂದ ಸೌದೆ ಉಳಿಯುತ್ತದೆ. ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಸಾಗಿಸಿ, ಕಡಿಮೆ ಸೌದೆಯಲ್ಲಿ ಅಡಿಗೆ ಮಾಡುವ ‘ಅಸ್ತ್ರ ಒಲೆ’ಯೂ ಈ ವಿಭಾಗದ ಕೊಡುಗೆಯೇ.

ಇಟ್ಟಿಗೆಗೆ ಎಲ್ಲ ಮಣ್ಣೂ ಆಗುವುದಿಲ್ಲ. ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗ ಮಣ್ಣು ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಟ್ಟರೆ ಮರಳು ತಳದಲ್ಲಿಯೂ, ನುಣುಪಾದ ಜೇಡಿ ಮೇಲೆಯೂ ಪದರಪದರವಾಗಿ ನಿಲ್ಲುತ್ತವೆ. ಮರಳಿನ ಪದರ ಹೆಚ್ಚಾಗಿರುವ ಕೆಮ್ಮಣ್ಣು ಇದಕ್ಕೆ ಉತ್ತಮ; ಹಿಗ್ಗಿ ಕುಗ್ಗುವ ಎರೆಮಣ್ಣು ಸಲ್ಲದು. ಹಾಗೆಯೇ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಹೊಂದುವುದಿಲ್ಲ. ಗೋಡೆಯ ತೇವ ಹೊರಬರಲಾರದೆ ಗಿಲಾವು ಹಕ್ಕಳೆಯಾಗಿ ಕಳಚುತ್ತದೆ. ಹುಲ್ಲು ಬೆರೆಸಿದ ಮಣ್ಣಿನ ಗಿಲಾವು, ಅದರ ಮೇಲೆ ಸುಣ್ಣ ಇವೇ ಯೋಗ್ಯ, ಅಗ್ಗವೂ ಹೌದು.

ನೀರಿನ ಲೆಕ್ಕವನ್ನೂ ಮರೆಯಬಾರದು. ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿ, ಹಲ್ಲು ಮೂಳೆಗಳಿಗೆ ಕೇಡು ತಂದಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯೆಂದು ಹಿಡಿದರೂ, 25 ಚದರ ಮೀಟರ್ ಹೆಂಚಿನ ಸೂರಿನ ಮೇಲೆ 12,500 ಲೀಟರ್ ನೀರು ಬೀಳುತ್ತದೆ. ಐದರಲ್ಲೊಂದು ಭಾಗ ನಷ್ಟವಾದರೂ 10,000 ಲೀಟರ್ ಉಳಿಯಿತು. ಐವರಿಗೆ ಕುಡಿಯಲು ದಿನಕ್ಕೆ 20 ಲೀಟರಿನಂತೆ ವರ್ಷಕ್ಕೆ ಬೇಕಾದುದು 7,300 ಲೀಟರ್ ಮಾತ್ರ. ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಟ್ಟು, ಅನಂತರದ್ದನ್ನು ಮರಳು ಜಲ್ಲಿಗಳಲ್ಲಿ ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಶೇಖರಿಸಿ, ಕಾಯಿಸಿ ಆರಿಸಿ ಕುಡಿಯಬಹುದು. ಸೂರು ದುರಸ್ತಿಯಾಗುವಾಗಲೇ ದೋಣಿಗಳನ್ನು ಅಳವಡಿಸಿದರೆ ಬೇರೆ ಕೂಲಿ ಬೇಕಾಗಿಲ್ಲ. ಸಣ್ಣ ತೊಟ್ಟಿಯಿಂದ ಆರಂಭಿಸಿ, ಕೈಯಲ್ಲಿ ಹಣ ಸೇರಿದಂತೆ ದೊಡ್ಡದು ಮಾಡಬಹುದು. ಬಚ್ಚಲಿನ ನೀರನ್ನು ಗೋಡೆಯ ಬುಡದಲ್ಲಿ ನಿಲ್ಲಗೊಡದೆ ಹಿತ್ತಲಿನ ತೆಂಗಿಗೆ, ಬಾಳೆಗೆ ಹರಿಸಬೇಕು.

ಸ್ವಂತ ದುಡಿಮೆ ಹಿರಿದು. ಆದರೆ ಅದಕ್ಕೂ ಮೇರೆಯುಂಟು. ಮಣ್ಣು ಕಲಸುವುದು, ಗಿಲಾವು ಮಾಡುವುದು, ಸುಣ್ಣ ಬಳಿಯುವುದು, ಹೆಂಚು ತೊಳೆಯುವುದು, ಚರಂಡಿ ತೋಡುವುದು, ಹಳೆಯ ಬಾಗಿಲನ್ನು ಉಜ್ಜಿ ಎಣ್ಣೆ ಹಚ್ಚುವುದು ಇವು ಮನೆಯವರ ಕೆಲಸಗಳು. ತೊಲೆಯನ್ನು ಬದಲಾಯಿಸುವುದು, ಭಾರ ಹೊತ್ತ ಗೋಡೆಯಲ್ಲಿ ಕಿಟಕಿ ತೆರೆಯುವುದು ನುರಿತ ಬಡಗಿ, ಗಾರೆಯವರ ಕೆಲಸಗಳು. ಆಸರೆಯ ಕಂಬ ಕೊಡದೆ ಒಂದು ತೊಲೆಯನ್ನೂ ಕದಲಿಸಬಾರದು. ವಿದ್ಯುತ್ತಿನ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಬೇಕು. ಸುಟ್ಟ ಸುಣ್ಣವನ್ನು ಅರಳಿಸುವಾಗ ಅದು ಕೊತಕೊತನೆ ಕುದಿದು ಸಿಡಿಯುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದಾದ್ದರಿಂದ ಈ ಕೆಲಸದ ಬಳಿ ಮಕ್ಕಳು ಸುಳಿಯಬಾರದು. ಇಲ್ಲಿ ಹಣ ಉಳಿಸಹೊರಟವನು ಆಸ್ಪತ್ರೆಗೆ ಅದರ ಹತ್ತರಷ್ಟನ್ನು ತೆರಬೇಕಾದೀತು.

ಇಷ್ಟೆಲ್ಲ ಆದ ಮೇಲೂ ಆ ಮನೆ ಬೀದಿಯಲ್ಲಿ ಹೋಗುವವರಿಗೆ ಹೊಸದಾಗಿ ಕಾಣಲಿಕ್ಕಿಲ್ಲ. ಮುಂಗೋಡೆಗೆ ಬಣ್ಣ ಇಲ್ಲದೆಯೂ ಇರಬಹುದು. ಆದರೆ ಮಳೆಗಾಲದ ರಾತ್ರಿ ಯಾರೂ ಪಾತ್ರೆ ಹಿಡಿದು ಸೋರುವ ಜಾಗ ಹುಡುಕಬೇಕಾಗಿಲ್ಲ. ಅಡಿಗೆಮನೆಯಲ್ಲಿ ತಾಯಿ ಕೆಮ್ಮುವುದಿಲ್ಲ. ಅಜ್ಜಿ ದೀಪದ ಬೆಳಕಿನಲ್ಲಿ ಹಿಡಿಗಂಬಿ ಹಿಡಿದು ಬಚ್ಚಲುಮನೆಗೆ ನಿರ್ಭಯವಾಗಿ ಹೋಗಿಬರುತ್ತಾಳೆ. ತಂದೆಗೆ ಸಾಲಗಾರರ ಕಾಟವಿಲ್ಲ. ಮಕ್ಕಳಿಗೆ ತಮ್ಮ ಮನೆಯ ಪ್ರತಿಯೊಂದು ತೊಲೆಯ ಬಲವೂ, ನೀರು ಹರಿಯುವ ದಾರಿಯೂ ಗೊತ್ತು. ಮುಂದೆ ಆ ಮನೆಯನ್ನು ಕಾಪಾಡಬೇಕಾದವರು ಅವರೇ.