ಕಳ್ಳಿಗಳ ಕುಟುಂಬ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದ ಅತಿ ಕಡಿಮೆ ಮಳೆಯ ಸೀಮೆಗೆ ಸೇರಿದವು. ಅಶೋಕನ ಶಾಸನವಿರುವ ಬ್ರಹ್ಮಗಿರಿಯ ಈ ನಾಡಿನಲ್ಲಿ, ಎಲೆಯಿಲ್ಲದಂತೆ ತೋರುವ, ಮೈತುಂಬ ಮುಳ್ಳು ಹೊತ್ತ ಹಸಿರು ಗಿಡಗಳನ್ನು ಜನರು ಕಳ್ಳಿಯೆಂದೇ ಕರೆಯುತ್ತಾರೆ. ಹಸ್ತದಂತೆ ಚಪ್ಪಟೆಯಾದ ಕಾಂಡವುಳ್ಳದ್ದು ಪಾಪಾಸುಕಳ್ಳಿ. ಮೂರು ನಾಲ್ಕು ಏಣುಗಳುಳ್ಳದ್ದು ಚದುರಗಳ್ಳಿ. ಗಡಿಯಾಚೆಯ ತೆಲುಗರೂ ನಾಗಜೆಮುಡು, ಬೊಂತಜೆಮುಡು ಎಂದು ಇವೆರಡನ್ನೂ ಒಂದೇ ಹೆಸರಿನಡಿ ಸೇರಿಸಿದ್ದಾರೆ. ಹೆಸರಿನಿಂದ ಇವು ಒಡಹುಟ್ಟಿದವು. ಸಸ್ಯಶಾಸ್ತ್ರದ ದೃಷ್ಟಿಯಿಂದ ಇವುಗಳಿಗೆ ಹತ್ತಿರದ ನಂಟೇ ಇಲ್ಲ.

ಪಾಪಾಸುಕಳ್ಳಿ ಅಮೆರಿಕ ಖಂಡದಿಂದ ಬಂದದ್ದು. ಅದರದು ಕ್ಯಾಕ್ಟೇಸಿ ಕುಟುಂಬ. ಚದುರಗಳ್ಳಿಯದು ಯೂಫೋರ್ಬಿಯೇಸಿ ಕುಟುಂಬ. ಹೊಲದ ಔಡಲ ಇದರ ಬಂಧು! ಅಗಲವಾದ ಎಲೆಯ ಔಡಲಕ್ಕೂ ಈ ಮುಳ್ಳುಗಿಡಕ್ಕೂ ಏನು ಸಂಬಂಧವೆಂದು ಶಂಕಿಸುವವರು ಕಾಯಿಯನ್ನು ಪರೀಕ್ಷಿಸಬೇಕು. ಎರಡರ ಕಾಯಿಯೂ ಮೂರು ಹೋಳಿನದು, ಹೋಳಿಗೊಂದು ಬೀಜ. ಬರವನ್ನು ಎದುರಿಸಲು ಕಾಂಡದಲ್ಲಿ ನೀರನ್ನು ಕೂಡಿಡುವ ಉಪಾಯವನ್ನು ಎರಡು ಕುಟುಂಬಗಳ ಗಿಡಗಳು ಬೇರೆಬೇರೆಯಾಗಿ ಕಂಡುಕೊಂಡುದರಿಂದ ಅವುಗಳ ರೂಪ ಸಮೀಪಿಸಿತು.

ಈ ಭೇದವನ್ನು ಮನುಷ್ಯನಿಗಿಂತ ಚೆನ್ನಾಗಿ ಅರಿತದ್ದು ಒಂದು ಪುಟ್ಟ ಕೀಟ. ಪಾಪಾಸುಕಳ್ಳಿ ದಕ್ಷಿಣ ಭಾರತದ ನೆಲವನ್ನು ಆಕ್ರಮಿಸಿದ್ದಾಗ, 1926ರಲ್ಲಿ ಶ್ರೀಲಂಕೆಯಿಂದ ಕೊಚಿನೀಲ್ ವರ್ಗದ ಕೀಟವನ್ನು ತರಿಸಿ ಅದರ ಮೇಲೆ ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ವಿಶಾಲವಾದ ಪೊದೆಗಳು ಒಣಗಿ ಬಿದ್ದವು. ಈ ಕೀಟಕ್ಕೆ ಕ್ಯಾಕ್ಟೇಸಿಯೊಂದೇ ಆಹಾರ. ಚದುರಗಳ್ಳಿಯ ಗೊಡವೆ ಅದಕ್ಕಿಲ್ಲ.

ಮನುಷ್ಯನಿಗೂ ಈ ಭೇದ ಮುಖ್ಯವೇ. ಪಾಪಾಸುಕಳ್ಳಿಯ ಕೆಂಪು ಹಣ್ಣನ್ನು ಮುಳ್ಳು ತೆಗೆದು ತಿನ್ನುವುದುಂಟು. ಚದುರಗಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಇಂದು ಕೈಯಲ್ಲಿರುವ ಮೊಬೈಲಿನಿಂದ ಗಿಡದ ಛಾಯಾಚಿತ್ರ ತೆಗೆದು ದೂರದ ತಜ್ಞರಿಗೆ ಕಳುಹಿಸುವುದು ಸುಲಭ. ಅದರ ಕೆಳಗೆ 'ಕಳ್ಳಿ' ಎಂದಷ್ಟೇ ಬರೆದರೆ ನೋಡುವವರಿಗೆ ದಿಕ್ಕು ತೋರದು. ಜಾತಿಯ ಹೆಸರು ತಿಳಿಯದಿದ್ದರೂ ಕುಟುಂಬದ ಹೆಸರನ್ನು ಬರೆದರೆ ಹುಡುಕಾಟದ ಬಹುಭಾಗ ಮುಗಿದಂತೆ. ಜಗತ್ತಿನಲ್ಲಿ ಹೂ ಬಿಡುವ ಸಸ್ಯಗಳ ಜಾತಿಗಳು ಲಕ್ಷಗಟ್ಟಲೆ. ಕುಟುಂಬಗಳು 400ಕ್ಕಿಂತ ತುಸು ಹೆಚ್ಚು, ಅಷ್ಟೆ. ಫ್ರಾನ್ಸಿನ ಜುಸಿಯು 1789ರಲ್ಲಿ ಸಸ್ಯಗಳನ್ನು 100 ಗುಂಪುಗಳಾಗಿ ವಿಂಗಡಿಸಿದಾಗಲೇ ಈ ದಾರಿ ತೆರೆದಿತ್ತು.

ಆದರೆ ಕುಟುಂಬವನ್ನು ಊಹಿಸಿ ಬರೆಯುವಂತಿಲ್ಲ. ಹಾಲು ಒಸರಿದುದೆಲ್ಲ ಯೂಫೋರ್ಬಿಯೇಸಿಯೂ ಅಲ್ಲ; ಎಕ್ಕದಲ್ಲಿಯೂ ಹಾಲುಂಟು, ಅದರ ಕುಟುಂಬವೇ ಬೇರೆ. ಆದ್ದರಿಂದ ಇಡೀ ಗಿಡದ ಚಿತ್ರವೊಂದೇ ಸಾಲದು; ಹೂವು, ಕಾಯಿ, ಮುಳ್ಳುಗಳನ್ನೂ ಹತ್ತಿರದಿಂದ ತೆಗೆಯಬೇಕು. ಕಳ್ಳಿಯ ಮಟ್ಟಿಗೆ ಕಾಂಡವನ್ನು ಮುರಿದು ಹಾಲು ನೋಡುವ ಸಾಹಸವೇ ಬೇಡ. ಪಾಪಾಸುಕಳ್ಳಿಯಲ್ಲಿ ಒಂದೊಂದು ಪುಟ್ಟ ಮೆತ್ತೆಯಿಂದ ಮುಳ್ಳುಗಳು ಹೊರಡುತ್ತವೆ; ಚದುರಗಳ್ಳಿಯ ಏಣಿನ ಮೇಲೆ ಅವು ಎರಡೆರಡಾಗಿ, ಜೋಡಿಯಾಗಿ ನಿಂತಿರುತ್ತವೆ.