ಕದ್ದವನಿಗೆ ಕಾಗದ ಬರೆಯುವ ಮೊದಲು

ತಂಗೀ, ಹೋಂಸ್ಟೇ ಒಂದಕ್ಕೆ ನೀನು ಮಾಡಿಕೊಟ್ಟ ವೆಬ್‌ಸೈಟನ್ನು ಇನ್ಯಾರೋ ಹಾಗೇ ಎತ್ತಿ ಹಾಕಿಕೊಂಡಿದ್ದಾರೆಂದು ಕೆಂಡಾಮಂಡಲವಾಗಿದ್ದೀಯ. ಸಿಟ್ಟು ಬರಬೇಕಾದ್ದೇ. ಆದರೆ ಫೇಸ್‌ಬುಕ್ಕಿನಲ್ಲಿ ‘ಕಳ್ಳ’ ಎಂದು ಬರೆಯುವ ಕೆಲಸ ಬೇಡ. ಮೊದಲು ಆ ಪುಟದ ಸೋರ್ಸ್ ತೆರೆದು ನೋಡು. ಕದಿಯುವವರು ಬಹುಪಾಲು ಸೋಮಾರಿಗಳು. ಸಿಎಸ್‌ಎಸ್ ಫೈಲಿನಲ್ಲಿ ನೀನು ಬರೆದುಕೊಂಡ ಟಿಪ್ಪಣಿ, ಕಾಗುಣಿತ ತಪ್ಪಿದ ಕ್ಲಾಸ್ ಹೆಸರು, ಕೆಲವೊಮ್ಮೆ ನಿನ್ನ ಗೂಗಲ್ ಅನಲಿಟಿಕ್ಸ್ ಐಡಿ ಕೂಡ ಹಾಗೇ ಉಳಿದಿರುತ್ತದೆ. ಆಗ ಅವರ ಸೈಟಿಗೆ ಬಂದುಹೋದವರ ಲೆಕ್ಕವೆಲ್ಲ ನಿನ್ನ ಖಾತೆಗೇ ಬಂದು ಬೀಳುತ್ತಿರುತ್ತದೆ! ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆ. ವೇಬ್ಯಾಕ್ ಮಷೀನಿನಲ್ಲೂ ಒಂದು ಪ್ರತಿ ಉಳಿಸು. ಗಿಟ್‌ನಲ್ಲಿರುವ ಹಳೆಯ ಕಮಿಟ್‌ಗಳನ್ನು ಮುಟ್ಟಬೇಡ. ಕದ್ದವರಿಗೆ ಸುಳಿವು ಸಿಕ್ಕರೆ ಅವರ ಸೈಟಿನಲ್ಲಿರುವ ಸಾಕ್ಷಿಯೆಲ್ಲ ರಾತ್ರೋರಾತ್ರಿ ಮಾಯ.

ಆಮೇಲೆ, ಹೋದದ್ದು ನಿಜಕ್ಕೂ ನಿನ್ನದೇ ಎಂದು ಕೇಳಿಕೋ. ಮೇಲೊಂದು ದೊಡ್ಡ ಚಿತ್ರ, ಕೆಳಗೆ ಮೂರು ಚೌಕ ಎಂಬ ಕಲ್ಪನೆಗೆ ಒಡೆಯರಿಲ್ಲ. ಬೂಟ್‌ಸ್ಟ್ರ್ಯಾಪ್‌ನಿಂದ ಬಂದ ಭಾಗ ನಿನ್ನದಲ್ಲ. ನೀನೇ ಬರೆದ ಕೋಡ್ ನಿನ್ನದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲೇ ಕೂರಿಸಿದೆ, ನೋಂದಣಿ ಮಾಡಿಸದಿದ್ದರೂ ಹಕ್ಕು ಇದ್ದೇ ಇರುತ್ತದೆ. ಸಂಬಳಕ್ಕಿದ್ದು ಬರೆದದ್ದು ಸಾಮಾನ್ಯವಾಗಿ ಕಂಪನಿಯ ಪಾಲು. ಸ್ವತಂತ್ರವಾಗಿ ಮಾಡಿಕೊಟ್ಟ ಕೋಡ್, ನೀನು ಸಹಿ ಹಾಕಿ ಬರೆದುಕೊಡದ ಹೊರತು, ಹಣ ತೆಗೆದುಕೊಂಡ ಮೇಲೂ ನಿನ್ನದೇ. ಹಣ ಪಡೆದು ತೆಗೆದುಕೊಟ್ಟ ಫೋಟೊ ಮಾತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರ ಸೊತ್ತು. ಒಂದೇ ಪುಟಕ್ಕೆ ಇಬ್ಬರು ಯಜಮಾನರು! ಹಾಗಾಗಿ ಹೋಂಸ್ಟೇ ಮಾಲೀಕರಿಗೊಂದು ಫೋನ್ ಮಾಡು. ಅವರೇ ‘ನೀವೂ ಬಳಸಿಕೊಳ್ಳಿ’ ಎಂದು ನೆಂಟರಿಗೆ ಕೊಟ್ಟಿರಬಹುದು.

ಇಷ್ಟಾದ ಮೇಲೆ ಕಾಗದ. ಯಾವ ಪುಟ, ಯಾವ ಭಾಗ, ಏನಾಗಬೇಕು (ತೆಗೆಯಬೇಕೋ, ಹಣ ಕೊಡಬೇಕೋ), ಎಷ್ಟು ದಿನದೊಳಗೆ: ಇಷ್ಟೇ ಸಾಕು. ಜೈಲು, ಪೊಲೀಸ್ ಎಂದು ಹೆದರಿಸಬೇಡ. ಆಧಾರವಿಲ್ಲದೆ ಕೇಸು ಹಾಕುತ್ತೇನೆಂದು ಬೆದರಿಸಿದವರ ಮೇಲೆಯೇ ದಾವೆ ಹೂಡಲು ಕೃತಿಸ್ವಾಮ್ಯ ಕಾಯ್ದೆಯ 60ನೇ ಸೆಕ್ಷನ್ ಅವಕಾಶ ಕೊಡುತ್ತದೆ. ನಿನ್ನ ಸರ್ವರಿನಿಂದಲೇ ಚಿತ್ರ ಎಳೆಯುತ್ತಿದ್ದಾರೆಂದು ಅಲ್ಲಿ ಅಸಹ್ಯದ ಚಿತ್ರ ಇಡುವ ಕಿಲಾಡಿತನವೂ ಬೇಡ. ಆ ಮಜಾ ನಿನ್ನ ಹೆಸರಿಗೇ ಮಸಿ ಬಳಿಯುತ್ತದೆ.

ಉತ್ತರ ಬರದಿದ್ದರೆ ಹೋಸ್ಟಿಂಗ್ ಕಂಪನಿಗೆ ಬರೆ. ಕಂಪನಿ ಅಮೆರಿಕದ್ದಾದರೆ ಅಲ್ಲಿನ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆಯಂತೆ ನೋಟಿಸು ಕಳಿಸು. ಪುಟ ಇಳಿದರೂ ಎದುರಿನವರು ಪ್ರತಿ-ನೋಟಿಸು ಕೊಟ್ಟರೆ, ನೀನು ಕೋರ್ಟಿಗೆ ಹೋಗದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ಅದು ಮತ್ತೆ ಏರುತ್ತದೆ. ನಮ್ಮ ಕಾನೂನಿನಲ್ಲೂ ದೂರು ಕೊಟ್ಟ ಮೇಲೆ 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಪುಟ ಮರಳಬಹುದು. ಕೋರ್ಟಿಗಾದರೆ ದೆಹಲಿಗೆ ಅಲೆಯಬೇಕಿಲ್ಲ, ನೀನಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಆದರೆ ನಾಲ್ಕು ಪುಟದ ಹೋಂಸ್ಟೇ ಸೈಟಿಗಾಗಿ ಅಷ್ಟು ದೂರ ಹೋಗು ಎಂದು ನಾನಂತೂ ಹೇಳಲಾರೆ. ವಕೀಲರ ಫೀಸಿನ ಮುಂದೆ ನಿನಗಾದ ನಷ್ಟ ಸಣ್ಣದು. ಪುಟ ಇಳಿಸಿದರೆ ಅಲ್ಲಿಗೇ ಬಿಡು. ಮತ್ತೆ, ಮುಂದಿನ ಕೆಲಸಕ್ಕೆ ಮುಂಗಡ ತೆಗೆದುಕೊಳ್ಳುವ ಮೊದಲೇ ಕೋಡ್ ಯಾರದು, ಬೇರೆಯವರಿಗೆ ಕೊಡಬಹುದೇ ಎಂದು ಎರಡು ಸಾಲು ಬರೆಸಿ, ಇಬ್ಬರೂ ಸಹಿ ಹಾಕಿಕೊಳ್ಳಿ.